ಕಣ್ಕಟ್ಟಿನ ಹಿಂದಿನ ಕಟ್ಟುನಿಟ್ಟು

ಶಾಲೆಯ ವಾರ್ಷಿಕೋತ್ಸವದಲ್ಲಿ ಜಾದೂ ಇದೆಯೆಂದರೆ ಸಾಕು. ಕಾಪುವಿರಲಿ, ಕಾರ್ಕಳವಿರಲಿ, ಮಣಿಪಾಲವಿರಲಿ, ಮುಂದಿನ ಸಾಲಿಗೆ ಮಕ್ಕಳ ಪೈಪೋಟಿ. ಉಡುಪಿಯ ಪ್ರೊ. ಶಂಕರ್, ಮಂಗಳೂರಿನ ಕುದ್ರೋಳಿ ಗಣೇಶ್ ಅವರಂಥವರಿಂದ ಕರಾವಳಿಗೆ ಈ ಕಲೆ ಚಿರಪರಿಚಿತ. ಆಟ ನೋಡಿ ಮನೆಗೆ ಬಂದ ಮಕ್ಕಳು ಕೇಳುವ ಪ್ರಶ್ನೆ ಒಂದೇ: 'ಅದು ಹೇಗೆ?' ಹೆತ್ತವರು ಈ ಪ್ರಶ್ನೆಯನ್ನು ಗದರಿಸಿ ಅಡಗಿಸಬಾರದು. ವಿಜ್ಞಾನ ಹುಟ್ಟುವುದೇ ಅಲ್ಲಿ.

'ಕಣ್ಣಿಗಿಂತ ಕೈ ಚುರುಕು' ಎಂಬ ಮಾತಿದೆ. ನಿಜವಾಗಿ ಕೈ ಅಷ್ಟೇನೂ ಚುರುಕಲ್ಲ. ನೋಡುಗರ ಗಮನ ಬೇರೆಡೆ ಇರುತ್ತದೆ. ದೃಷ್ಟಿ ನೆಟ್ಟ ಸಣ್ಣ ಭಾಗವಷ್ಟೇ ನಮಗೆ ಸ್ಪಷ್ಟವಾಗಿ ಕಾಣುವುದು. ಜಾದೂಗಾರ ತನ್ನ ಬಲಗೈ ನೋಡಿದರೆ ಸಭೆಯೂ ಅದನ್ನೇ ನೋಡುತ್ತದೆ. ಕೆಲಸ ಎಡಗೈಯಲ್ಲಿ ಮುಗಿದಿರುತ್ತದೆ. ಇದು ಮೊದಲ ಸೂತ್ರ. ಮುಂದೇನಾಗುವುದೆಂದು ಮೊದಲೇ ಹೇಳದಿರುವುದು ಎರಡನೆಯದು. ಅದೇ ಸಭೆಗೆ ಅದೇ ಆಟವನ್ನು ಮತ್ತೆ ತೋರಿಸದಿರುವುದು ಮೂರನೆಯದು. ಇವು ಕೈಗೂಡಲು ಕನ್ನಡಿಯ ಮುಂದೆ ತಿಂಗಳುಗಟ್ಟಲೆ ಅಭ್ಯಾಸ ಬೇಕು, ಮಾತಿನ ಮೇಲೆ ಹಿಡಿತ ಬೇಕು, ಆಟ ಕೈಕೊಟ್ಟರೂ ಗಲಿಬಿಲಿಗೊಳ್ಳದ ಮನಸ್ಸು ಬೇಕು.

ಇನ್ನೊಂದು ಸೂತ್ರ ವಸ್ತುಗಳ ಗುಣದಲ್ಲಿದೆ. ಅರಸಿನದ ನೀರಿಗೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದೆ. ಆರತಿಯ ಕುರುದಿ ನೀರು ಇದೇ. ಅದಕ್ಕೆ ಸಾಕಷ್ಟು ಲಿಂಬೆರಸ ಹಿಂಡಿದರೆ ಮತ್ತೆ ಹಳದಿ. ಕ್ಷಾರ, ಆಮ್ಲಗಳ ಪಾಠ ಇಷ್ಟೇ. ಕೆಂಪು ದಾಸವಾಳದ ರಸ ಸವರಿದ ಚೂರಿಯಿಂದ ಲಿಂಬೆ ಕೊಯ್ದರೆ 'ರಕ್ತ' ಜಿನುಗುತ್ತದೆ. ವೇದಿಕೆಯಲ್ಲಿ ಇದು ಜಾದೂ. 'ನಿಮಗೆ ಯಾರೋ ಮಾಟ ಮಾಡಿಸಿದ್ದಾರೆ' ಎಂದು ಹೆದರಿಸಿ, ಇದನ್ನೇ ತೋರಿಸಿ ಹಣ ಕೀಳುವವನ ಕೈಯಲ್ಲಿ ಶುದ್ಧ ಮೋಸ. ಲಿಂಬೆ ಒಂದೇ, ಚೂರಿಯೂ ಒಂದೇ. ಬೇರೆಯಾದುದು ಮನುಷ್ಯನ ಗುಣ.

ಆದ್ದರಿಂದಲೇ ಜಾದೂಗಾರನಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದುದು ಪ್ರಾಮಾಣಿಕತೆ. ತನ್ನದು ಪವಾಡವಲ್ಲ, ಕೈಚಳಕ ಎಂದು ಆತ ಒಪ್ಪಿಕೊಳ್ಳಬೇಕು. ಮಾಟಗಾತಿಯರೆಂಬ ಆರೋಪ ಹೊರಿಸಿ ಜನರನ್ನು ಕೊಲ್ಲುತ್ತಿದ್ದ ಕಾಲದಲ್ಲಿ, 1584ರಲ್ಲಿ, ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ಇಂಥ ಕೈಚಳಕಗಳ ಗುಟ್ಟನ್ನು ಪುಸ್ತಕದಲ್ಲಿ ಬಿಡಿಸಿಟ್ಟ. ನಮ್ಮ ಕರಾವಳಿಯಲ್ಲಿ, ಮಂಗಳೂರಿನ ಕೆಎಂಸಿಯಲ್ಲಿ ಜೀವರಸಾಯನ ವಿಜ್ಞಾನ ಕಲಿಸಿದ್ದ ನರೇಂದ್ರ ನಾಯಕ್ 'ಪವಾಡ'ಗಳನ್ನು ತಾವೇ ಮಾಡಿ ತೋರಿಸಿ ವಿವರಿಸುತ್ತ ಬಂದರು. ಮಾಟಮಂತ್ರ ಹಾಗೂ ಅಮಾನವೀಯ ಪದ್ಧತಿಗಳ ವಿರುದ್ಧ ಕರ್ನಾಟಕ ರೂಪಿಸಿದ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು.

ಆದರೆ ಕಾಯ್ದೆ ಪ್ರತಿ ಮನೆಯ ಜಗಲಿಯಲ್ಲಿ ಕಾವಲು ಕೂರಲಾರದು. ಮನೆಯಲ್ಲಿ ಒಮ್ಮೆ ಅರಸಿನ, ಸುಣ್ಣ, ಲಿಂಬೆ ಇಟ್ಟುಕೊಂಡು ಮಕ್ಕಳೊಡನೆ ಕುಳಿತು ಈ ಆಟ ಆಡಿ ನೋಡಿ. ಸುಣ್ಣ ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಗುಟ್ಟು ತಿಳಿದ ಮಗು ಜಾದೂಗಾರನಿಗೆ ಇನ್ನೂ ಜೋರಾಗಿ ಚಪ್ಪಾಳೆ ತಟ್ಟೀತು. ವಂಚಕನ ಮುಂದೆ ಮಾತ್ರ ಕೈ ಮುಗಿಯದು.