ಕೇಳ್ತಾ ಇದ್ದೆ, ಕೇಳಿಸಲಿಲ್ಲ

ಬೆಂಗಳೂರಿಂದ ಬಂದ ರೈಲು ಕಡೂರು ದಾಟಿ ಬೀರೂರಿಗೆ ಬಂದರೆ ಅಲ್ಲಿ ದಾರಿ ಎರಡಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗದ ಕಡೆಗೆ. ತಪ್ಪು ಗಾಡಿ ಹತ್ತಿದರೆ ಊರೇ ತಪ್ಪಿತು. ಅದಕ್ಕೇ ಪ್ಲಾಟ್‌ಫಾರಂನಲ್ಲಿ ಎಲ್ಲರ ಕಿವಿಯೂ ಅನೌನ್ಸ್‌ಮೆಂಟಿನ ಮೇಲೆ. ಅಷ್ಟರಲ್ಲಿ ಗೂಡ್ಸ್ ಗಾಡಿಯೊಂದು ಸದ್ದು ಮಾಡುತ್ತಾ ಹಾದುಹೋಯಿತು ಅನ್ನಿ. "ಕೇಳ್ತಾನೇ ಇದ್ದೆ, ಆದ್ರೆ ನಂಗೆ ಕೇಳಿಸ್ಲಿಲ್ಲ" ಅನ್ನುತ್ತೇವೆ. ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೊರಟರೆ ಡಿಗ್ರಿ ಮುಗಿಸಿದವರೂ ತಡವರಿಸುತ್ತಾರೆ: 'ಲಿಸನ್' ಎಲ್ಲಿ ಬರಬೇಕು, 'ಹಿಯರ್' ಎಲ್ಲಿ?

ಉತ್ತರ ಆ ಕನ್ನಡ ವಾಕ್ಯದಲ್ಲೇ ಇದೆ. 'ನಾನು' ಅಂದ ಕಡೆ ಲಿಸನ್, 'ನನಗೆ' ಅಂದ ಕಡೆ ಹಿಯರ್. ಮನಸ್ಸಿಟ್ಟು ಕಿವಿ ಕೊಡುವುದು ನಮ್ಮ ಕೆಲಸ. ಸದ್ದು ತಾನಾಗಿ ಕಿವಿಗೆ ಬೀಳುವುದು ನಮ್ಮ ಕೈಯಲ್ಲಿಲ್ಲ. ಕಣ್ಣಿಗೂ ಇದೇ ಲೆಕ್ಕ. 'ನೋಡಿದೆ, ಏನೂ ಕಾಣಿಸಲಿಲ್ಲ' ಎಂಬಲ್ಲಿ ನೋಡುವುದು 'ಲುಕ್', ಕಾಣಿಸುವುದು 'ಸೀ'. ಕ್ರಿಕೆಟ್ಟಿನಂತೆ ನಡೆಯುತ್ತಿರುವುದನ್ನು ನೋಡುತ್ತಾ ಕೂತರೆ 'ವಾಚ್'. ಎಲ್ಲ ಕಡೆಯೂ ಈ ಅಳತೆ ಹಿಡಿಯುವುದಿಲ್ಲ. 'ಆ ಸುದ್ದಿ ನಾನೂ ಕೇಳಿದ್ದೇನೆ' ಅನ್ನುವಾಗ 'ನಾನು' ಇದ್ದರೂ ಅಲ್ಲಿ ಹಿಯರ್ ಬರುತ್ತದೆ. ಸುದ್ದಿ ಕಿವಿಗೆ ಬಿದ್ದದ್ದು ತಾನೇ. ಇನ್ನು 'ಮೇಷ್ಟ್ರನ್ನು ಕೇಳು' ಅಂದರೆ 'ಆಸ್ಕ್', 'ಮೇಷ್ಟ್ರು ಹೇಳೋದನ್ನ ಕೇಳು' ಅಂದರೆ ಲಿಸನ್.

ಜೋಡಿ ಪದಗಳ ಪಟ್ಟಿಯನ್ನು ಉರು ಹೊಡೆಸುವ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ. ಪರೀಕ್ಷೆ ಮುಗಿದ ಮೇಲೆ ಜೋಡಿ ನೆನಪಿರುತ್ತದೆ, ಯಾವುದು ಯಾವುದೆಂಬುದು ಮರೆತಿರುತ್ತದೆ. ಮಾತಾಡುವಾಗ ನಾವೇ ಮಾಡುವ ವ್ಯತ್ಯಾಸವನ್ನು ಹುಡುಕಿ ತೋರಿಸಿದರೆ ಮಕ್ಕಳು ಬಿಡುವುದಿಲ್ಲ.

'ಬಾರೋ', 'ಲೆಂಡ್' ತೆಗೆದುಕೊಳ್ಳಿ. ಸಂತೆಗೆ ಹೊರಟವನು ಗೆಳೆಯನಿಂದ ಐನೂರು ರೂಪಾಯಿ ಕೈಗಡ ತೆಗೆದುಕೊಂಡ. ಗೆಳೆಯ ಕೈಗಡ ಕೊಟ್ಟ. ನಮ್ಮಲ್ಲಿ ಕೈಗಡ ಒಂದೇ, ದುಡ್ಡು ಯಾವ ಕಡೆ ಹೋಯಿತೆಂದು ಹೇಳುವುದು 'ಕೊಡು', 'ತಗೊ'. ಇಂಗ್ಲಿಷಿನಲ್ಲಿ ಆ ದಿಕ್ಕು ಪದದೊಳಗೇ ಸೇರಿಕೊಂಡಿದೆ: ತಗೊಂಡರೆ ಬಾರೋ, ಕೊಟ್ಟರೆ ಲೆಂಡ್. 'ಐ ಬಾರೋಡ್ ಹಿಮ್ ಮನಿ' ಎಂಬ ತಪ್ಪು ಹುಟ್ಟುವುದು ನಾವು 'ಕೈಗಡ'ವನ್ನು ಮಾತ್ರ ಅನುವಾದಿಸಿ ಬಾಲವನ್ನು ಬಿಟ್ಟಾಗ. ಬಾಲವನ್ನು ಮೊದಲು ಹಿಡಿಯಬೇಕು. ಬಾಡಿಗೆಯ ವಿಷಯದಲ್ಲಿ ಮಾತ್ರ ಇಂಗ್ಲಿಷೇ ಗೊಂದಲ: ಮನೆ ಬಾಡಿಗೆಗೆ ಕೊಟ್ಟವನೂ 'ರೆಂಟ್' ಮಾಡಿದ, ಹಿಡಿದವನೂ 'ರೆಂಟ್' ಮಾಡಿದ.

'ನೆರಳು' ಎಂಬ ಪದಕ್ಕೆ ಅಡಿಕೆ ತೋಟದಲ್ಲೇ ಪಾಠ ಮಾಡಬಹುದು. ತಂಪಿಗೆ ಕೂತ ಜಾಗ 'ಶೇಡ್'. ನೆಲದ ಮೇಲೆ ಮರದ್ದೋ ಮನುಷ್ಯನದ್ದೋ ಆಕಾರ ಮೂಡಿದರೆ 'ಶ್ಯಾಡೋ'. ಆಕಾರ ಕಾಣುತ್ತದೆಯೇ ಎಂದು ಕೇಳಿಕೊಂಡರೆ ಸಾಕು.

ನೀರಿನ ಪದಗಳಲ್ಲಿ ತೊಡಕು ಬೇರೆ ಬಗೆಯದು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ 186 ಅಡಿ ಮುಟ್ಟಿದರೆ 'ಡ್ಯಾಂ ತುಂಬಿತು' ಅನ್ನುತ್ತೇವೆ. ಇಂಗ್ಲಿಷಿನಲ್ಲಿ 'ಡ್ಯಾಂ' ಮುಖ್ಯವಾಗಿ ಕಟ್ಟೆ, ಅದರ ಹಿಂದೆ ತುಂಬುವುದು 'ರಿಸರ್ವಾಯರ್'. ಅಣೆಕಟ್ಟು, ಜಲಾಶಯ ಎಂಬ ಎರಡು ಪದ ನಮ್ಮಲ್ಲಿ ಇದ್ದೇ ಇವೆ. ನಾಲೆಯನ್ನು 'ಚಾನಲ್' ಅನ್ನುವವರಿದ್ದಾರೆ. ಜನ ತೋಡಿದ ನಾಲೆ 'ಕೆನಾಲ್', ಹಳ್ಳದ ಹಾಗೆ ತಾನೇ ಹರಿದ ದಾರಿಗೂ ಹೊಂದುವ ಪದ ಚಾನಲ್. ಕಡೂರಿನ ಮದಗದ ಕೆರೆಗೆ ನಮ್ಮ ದೇಶದ ಇಂಗ್ಲಿಷಿನಲ್ಲಿ 'ಟ್ಯಾಂಕ್' ಎಂದು ಬರೆದರೆ ಸರಿ. ಲಂಡನ್ನಿನವರು ಅದನ್ನು ಓದಿ ಮನೆ ಮೇಲಿನ ತೊಟ್ಟಿಯನ್ನು ನೆನೆದಾರು.

ಅಜ್ಜಂಪುರದ ಅಮೃತಮಹಲ್ ರಾಸುಗಳ ಬಗ್ಗೆ ಬರೆಯುವಾಗಲೂ ಎಚ್ಚರ ಬೇಕು. ಹೈದರ್, ಟಿಪ್ಪುವಿನ ಸೈನ್ಯದ ಸಾಮಾನು ಎಳೆದ ತಳಿಯದು. ಎಲ್ಲವನ್ನೂ 'ಕೌ' ಅಂದುಬಿಡುತ್ತೇವೆ. ಕೌ ಅಂದರೆ ಹಸು, 'ಬುಲ್' ಅಂದರೆ ಬೀಜದ ಹೋರಿ, 'ಬುಲಕ್' ಅಂದರೆ ಬೀಜ ಒಡೆದ ಎತ್ತು. ಒಟ್ಟಾಗಿ ದನಗಳಿಗೆ 'ಕ್ಯಾಟಲ್'. ಅದು ಸದಾ ಬಹುವಚನ, ಒಂದು ದನಕ್ಕೆ ಆ ಪದ ಹೊಂದುವುದಿಲ್ಲ.

ಕೆಲವು ಪದಗಳನ್ನು ಕನ್ನಡ ಲಿಪಿಯೇ ಒಂದು ಮಾಡಿಬಿಡುತ್ತದೆ. ರೈಲಿನ ಬರ್ತ್, ಬರ್ತ್ ಸರ್ಟಿಫಿಕೇಟಿನ ಬರ್ತ್ ನಮಗೆ ಒಂದೇ. ಇಂಗ್ಲಿಷರ ಉಚ್ಚಾರವೂ ಒಂದೇ. ಮಲಗುವ ಹಲಗೆಗೆ 'ಬಿ' ಆದ ಮೇಲೆ 'ಇ', ಹುಟ್ಟಿಗೆ 'ಐ'. ಸಡಿಲವೆಂಬ 'ಲೂಸ್'ಗೆ ಎರಡು 'ಓ'. ಕಳೆದುಕೊಳ್ಳುವುದಕ್ಕೆ ಒಂದೇ 'ಓ', ಕೊನೆಯಲ್ಲಿ 'ಜ' ಹತ್ತಿರದ ಸದ್ದು.

ಓದು, ಕೆಲಸ ಎಂದು ಬೆಂಗಳೂರಿಗೆ ಹೋಗುವ ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಪದ ಹೇಳಲೇಬೇಕು. ಅಲ್ಲಿ 'ಮನೆ ಲೀಸಿಗಿದೆ' ಅಂದರೆ ಭೋಗ್ಯ: ದೊಡ್ಡ ಮೊತ್ತ ಒಮ್ಮೆಗೇ ಕೊಡಬೇಕು, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್ಸು. ಇಂಗ್ಲಿಷಿನ 'ಲೀಸ್' ಹಾಗಲ್ಲ. ಇಂತಿಷ್ಟು ಕಾಲಕ್ಕೆಂದು ಮಾಡಿಕೊಂಡ ಕರಾರು ಅದು, ತಿಂಗಳ ಬಾಡಿಗೆಯೂ ಅದರಲ್ಲಿ ಇರಬಹುದು. ಆದ್ದರಿಂದ ಪತ್ರದ ಮೇಲಿರುವ ಲೀಸ್ ಎಂಬ ಪದವೊಂದನ್ನೇ ನಂಬಿ ಸಹಿ ಹಾಕಬೇಡಿ. ಮೊತ್ತ ಎಷ್ಟು, ತಿಂಗಳಿಗೆ ಏನಾದರೂ ಕೊಡಬೇಕೇ, ಮನೆ ಬಿಟ್ಟ ದಿನ ಎಷ್ಟು ವಾಪಸ್ಸು ಬರುತ್ತದೆ, ಇಷ್ಟನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.