ನಾಟಕಶಾಲೆಯ ಅಳತೆ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆಯ ಹಿರಿಯರಿಗೆ ಆಟವೆಂದರೆ ಬಯಲಾಟವೇ. ಸುಗ್ಗಿ ಮುಗಿದ ಮೇಲೆ ಊರ ಮುಂದೆ ಅಟ್ಟ ಕಟ್ಟಿ, ಇರುಳೆಲ್ಲ ದೊಡ್ಡಾಟವಾಡಿ, ಬೆಳಗಾಗುವಾಗ ಮಂಗಳ ಹಾಡುವರು. ಆಕಾಶವೇ ಚಾವಣಿಯಾದಲ್ಲಿ ಪ್ರತಿಧ್ವನಿಯ ಕಾಟವಿಲ್ಲ. ಈಗ ಜಿಲ್ಲೆಯ ಮುಖ್ಯಪಟ್ಟಣವಾದ ರಾಯಚೂರಿನಲ್ಲಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವುಂಟು. ನಮ್ಮ ತಾಲ್ಲೂಕಿನವರೂ ಅಂತಹುದನ್ನು ಬಯಸುವುದು ಸಹಜ. ಆದರೆ ಎಷ್ಟು ದೊಡ್ಡದನ್ನು?

ಕೆಲವು ವರ್ಷಗಳ ಕೆಳಗೆ ವಿಶಾಲವಾದ ಭವನವೊಂದರಲ್ಲಿ ನನ್ನ ಶಿಷ್ಯೆಯೊಬ್ಬಳು ಶಕುಂತಲೆಯ ಪಾತ್ರವನ್ನು ವಹಿಸಿದ್ದಳು. ಅವಳಾಡಿದ ಮಾತು ಗೋಡೆಗೆ ತಗುಲಿ, ಮರಳಿ ಬಂದು, ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ಅವಳ ತಾಯಿ ನನ್ನತ್ತ ಬಾಗಿ, "ಮಾಸ್ತರ್ರೀ, ನಮ್ಮ ಹುಡುಗಿ ಏನಂತಾಳ್ರೀ?" ಎಂದು ಕೇಳಿದರು. ನನಗೂ ತಿಳಿದಿರಲಿಲ್ಲ.

ಆ ರಾತ್ರಿ ಮನೆಗೆ ಬಂದು ಭರತಮುನಿಯ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ತೆರೆದೆನು. ವಿಕೃಷ್ಟ, ಚತುರಶ್ರ, ತ್ರ್ಯಶ್ರವೆಂದು ಮೂರು ಆಕಾರದ ಮಂಟಪಗಳನ್ನು ಹೇಳಿ, ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲವುಳ್ಳದ್ದೇ ಸಾಕೆಂದು ಮುನಿಯು ವಿಧಿಸಿರುವನು. ಹಸ್ತಕ್ಕೆ ಒಂದೂವರೆ ಅಡಿಯಂತೆ ಹಿಡಿದರೆ ೯೬ ಅಡಿಗೆ ೪೮ ಅಡಿ. ಅದರಲ್ಲಿ ಅರ್ಧವು ಪ್ರೇಕ್ಷಕರಿಗೆ, ಉಳಿದರ್ಧವು ರಂಗಕ್ಕೂ ನೇಪಥ್ಯಕ್ಕೂ. ಇದಕ್ಕಿಂತ ಹಿರಿದಾದರೆ ಮಾತು ಒಡೆದು ಕೇಳುವುದೆಂದೂ, ಮುಖದ ಭಾವವು ಕಾಣದೆ ಹೋಗುವುದೆಂದೂ ಕಾರಣವನ್ನು ಸಹ ಕೊಟ್ಟಿರುವನು. ಮಂಟಪವು ಬೆಟ್ಟದ ಗುಹೆಯಂತಿರಬೇಕು. ಕಿಟಕಿಗಳು ಕಿರಿದಾಗಿ, ಗಾಳಿ ನುಗ್ಗದಂತಿರಬೇಕು. ಆಸನಗಳು ಮೆಟ್ಟಿಲುಮೆಟ್ಟಿಲಾಗಿ ಏರಬೇಕು.

ಇದನ್ನು ಹಳೆಯ ಕಾಲದ ಮಾತೆಂದು ನಗುವವರುಂಟು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸಮಂದಿರವೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತಿತ್ತು. ೧೮೯೫ರಲ್ಲಿ ಅದನ್ನು ಸರಿಪಡಿಸುವ ಕೆಲಸವು ವ್ಯಾಲೇಸ್ ಸಬೈನ್ ಎಂಬ ಭೌತಶಾಸ್ತ್ರಜ್ಞನ ಪಾಲಿಗೆ ಬಂದಿತು. ಅವನು ಸಮೀಪದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ರಾತ್ರಿ ಹೊರಿಸಿ ತಂದು, ಹರಡಿ, ಅಳೆದು, ಬೆಳಗಾಗುವುದರೊಳಗೆ ಹಿಂದಿರುಗಿಸುತ್ತಿದ್ದನು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಅನುರಣನ ನೀಳವಾಗುವುದು, ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಮೊಟಕಾಗುವುದು ಎಂಬ ಸೂತ್ರವು ಆ ಮೆತ್ತೆಗಳಿಂದ ದೊರೆಯಿತು.

ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವು ಪಿಟೀಲಿನ ಆಕಾರದಲ್ಲಿದೆ, ನೋಡಲು ಸೊಗಸು. ನನಗೆ ಹೆಚ್ಚು ಹಿಡಿಸಿದುದು ನಟ ಶಂಕರನಾಗರ ನೆನಪಿಗಾಗಿ ಶ್ರೀಮತಿ ಅರುಂಧತಿ ನಾಗ್ ಅವರು ಮುಂದೆ ನಿಂತು ಕಟ್ಟಿಸಿ, ೨೦೦೪ರಲ್ಲಿ ತೆರೆದ ರಂಗಶಂಕರ. ಮುನ್ನೂರಕ್ಕೆ ತುಸು ಮೇಲ್ಪಟ್ಟ ಆಸನಗಳು. ರಂಗವು ಜನರ ನಡುವಿಗೆ ಚಾಚಿಕೊಂಡಿದೆ. ಸಾಲುಗಳು ಕಡಿದಾಗಿ ಏರಿವೆ. ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವರು, ತಡವಾಗಿ ಬಂದವರು ಹೊರಗೇ. (ನಮ್ಮೂರಿನಲ್ಲಿ ಹೀಗಾದರೆ ಅಧ್ಯಕ್ಷರೇ ಹೊರಗುಳಿದಾರು!)

ಒಂದು ವಿಷಯದಲ್ಲಿ ಮಾತ್ರ ಭರತಮುನಿಯನ್ನು ನಾವು ಎಚ್ಚರದಿಂದ ಓದಬೇಕು. ಸಮವಾದ, ಸ್ಥಿರವಾದ, ಗಟ್ಟಿಯಾದ ನೆಲ ಕಪ್ಪಾದರೂ ಆಗಬಹುದೆಂದು ಅವನ ಮತ. ಸಿಂಧನೂರಿನ ಎರೆಭೂಮಿ ಕಪ್ಪೇನೋ ಹೌದು, ಸ್ಥಿರವಲ್ಲ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದು, ಅದರೊಡನೆ ಗೋಡೆಯೂ ಬಿರಿಯುವುದು. ಹಣವು ಮೊದಲು ಅಡಿಪಾಯಕ್ಕೆ ಹೋಗಲಿ, ಅನಂತರ ಮೆತ್ತೆಗಳಿಗೆ. ಕಮಾನು ಬಣ್ಣಗಳ ಮಾತು ಕಡೆಗೆ.

ಮುನ್ನೂರು ಜನರ ಮನೆ ಸಣ್ಣದಾಯಿತೆಂದು ಊರ ಪ್ರಮುಖರು ಆಕ್ಷೇಪಿಸಬಹುದು. ಒಳಗೆ ಹಿಡಿಸದವರಿಗಾಗಿ ಮರುದಿನವೂ ಆಟವನ್ನಾಡಿದರಾಯಿತು.