ಹಳೆಯ ಇಂಗ್ಲಿಷ್ ಪದಗಳು: ನಂಬಿಕೆ ಒಂದು, ಅರ್ಥ ಇನ್ನೊಂದು

ಶೇಕ್ಸ್‌ಪಿಯರ್‌ನ ನಾಟಕವನ್ನೋ 1611ರ ಕಿಂಗ್ ಜೇಮ್ಸ್ ಬೈಬಲನ್ನೋ ಓದುವಾಗ ಗೊತ್ತಿಲ್ಲದ ಪದ ಎದುರಾದರೆ ನಿಘಂಟು ತೆರೆಯುತ್ತೇವೆ. ದಾರಿ ತಪ್ಪಿಸುವುದು ಗೊತ್ತಿದೆ ಎಂದುಕೊಂಡ ಪದಗಳೇ.

ತಪ್ಪು ಕಲ್ಪನೆ: ‘ವೇರ್‌ಫೋರ್’ ಎಂದರೆ ‘ಎಲ್ಲಿ’.

ಸತ್ಯ: ‘ಏಕೆ’. ಶೇಕ್ಸ್‌ಪಿಯರ್‌ನ ನಾಟಕದಲ್ಲಿ ‘ವೇರ್‌ಫೋರ್ ಆರ್ಟ್ ದೌ ರೋಮಿಯೋ’ ಎನ್ನುವ ಜೂಲಿಯೆಟ್ ರೋಮಿಯೋ ಎಲ್ಲಿದ್ದಾನೆಂದು ಹುಡುಕುತ್ತಿಲ್ಲ. ಅವನು ಕೆಳಗೆ ತೋಟದಲ್ಲೇ ನಿಂತಿದ್ದಾನೆ, ಅವಳಿಗದು ತಿಳಿಯದು ಅಷ್ಟೆ. ನೀನು ರೋಮಿಯೋ ಏಕಾದೆ, ಹಗೆಯವರ ಮನೆಯಲ್ಲಿ ಏಕೆ ಹುಟ್ಟಿದೆ ಎಂಬುದು ಅವಳ ಸಂಕಟ. ಮುಂದೆ ಅವಳು ಹೆಸರಿನ ಬಗ್ಗೆಯೇ ಮಾತಾಡುವುದು ಅದಕ್ಕೇ.

ತಪ್ಪು ಕಲ್ಪನೆ: ‘ದೌ’ ಎಂಬುದು ಗೌರವದ ಸಂಬೋಧನೆ.

ಸತ್ಯ: ಅದು ನಮ್ಮ ‘ನೀನು’, ‘ಯೂ’ ಎಂಬುದೇ ‘ನೀವು’. ಆಪ್ತರನ್ನು, ಮಕ್ಕಳನ್ನು, ಆಳುಗಳನ್ನು ‘ದೌ’ ಎನ್ನುತ್ತಿದ್ದರು. ದೊಡ್ಡವರಿಗೆ ಹಾಗೆಂದರೆ ಅವಮಾನ. 1603ರಲ್ಲಿ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್, ಬೇಕೆಂದೇ ಏಕವಚನ ಬಳಸಿ ಅವನನ್ನು ಹೀಯಾಳಿಸಿದ. ಅದೇ ಶತಮಾನದಲ್ಲಿ ಕ್ವೇಕರ್ ಪಂಥದವರು ಎಲ್ಲರೂ ಸಮಾನರೆಂದು ಅಧಿಕಾರಿಗಳನ್ನೂ ‘ದೌ’ ಎಂದು ಕರೆದು ಅವರ ಕೋಪಕ್ಕೆ ಗುರಿಯಾದರು. ಕಾಲಕ್ರಮೇಣ ಈ ಪದ ಮಾತಿನಿಂದ ಮರೆಯಾಗಿ ಪ್ರಾರ್ಥನೆಯಲ್ಲಿ ಉಳಿಯಿತು. ದೇವರಿಗೆ ಬಳಸುವ ಮಾತೆಂದು ಅದಕ್ಕೆ ಈಗ ಘನತೆ ಬಂದಿದೆ. ನಾವೂ ದೇವರನ್ನು ‘ನೀನು’ ಎಂದೇ ಕರೆಯುತ್ತೇವಲ್ಲ!

ತಪ್ಪು ಕಲ್ಪನೆ: ಅಂಗಡಿ ಫಲಕದ ‘ಯೀ ಓಲ್ಡ್’ ಹಳಬರ ಉಚ್ಚಾರಣೆ.

ಸತ್ಯ: ಹಳಬರು ಈ ‘ಯೀ’ಯನ್ನು ‘ದ’ ಎಂದೇ ಓದುತ್ತಿದ್ದರು. ಆ ಧ್ವನಿಗೆ ಇಂಗ್ಲಿಷಿನಲ್ಲಿ ‘ಥಾರ್ನ್’ ಎಂಬ ಪ್ರತ್ಯೇಕ ಅಕ್ಷರವಿತ್ತು. ಕೈಬರಹದಲ್ಲಿ ಅದು ‘ವೈ’ ಅಕ್ಷರದಂತೆಯೇ ಕಾಣತೊಡಗಿತ್ತು. ಯುರೋಪಿನಿಂದ ಬಂದ ಅಚ್ಚುಮೊಳೆಗಳಲ್ಲಿ ಥಾರ್ನ್ ಇರಲಿಲ್ಲ. ಮುದ್ರಕರು ಆ ಜಾಗಕ್ಕೆ ‘ವೈ’ ಕೂರಿಸಿದರು.

ತಪ್ಪು ಕಲ್ಪನೆ: ಈಗಲೂ ಬಳಕೆಯಲ್ಲಿರುವ ಪದಕ್ಕೆ ಆಗಲೂ ಇದೇ ಅರ್ಥ.

ಸತ್ಯ: ‘ಮೀಟ್’ ಎಂದರೆ ಬರೀ ಮಾಂಸವಲ್ಲ, ಯಾವುದೇ ಆಹಾರ. ಶೇಕ್ಸ್‌ಪಿಯರ್‌ಗೂ ಹಿಂದೆ ‘ಗರ್ಲ್’ ಎಂದರೆ ಹುಡುಗ, ಹುಡುಗಿ ಯಾರೂ ಆಗಬಹುದಿತ್ತು. ಆಗ ‘ನೈಸ್’ ಎಂದರೆ ದಡ್ಡ. ಕಿಂಗ್ ಜೇಮ್ಸ್ ಬೈಬಲಿನ ‘ಪ್ರಿವೆಂಟ್’ ತಡೆಯುವುದಲ್ಲ, ಮುಂಚಿತವಾಗಿ ಹೋಗುವುದು.

ತಪ್ಪು ಕಲ್ಪನೆ: ಶೇಕ್ಸ್‌ಪಿಯರ್ ಬರೆದದ್ದು ‘ಓಲ್ಡ್ ಇಂಗ್ಲಿಷ್’.

ಸತ್ಯ: ವಿದ್ವಾಂಸರು ಆ ಹೆಸರಿನಿಂದ ಕರೆಯುವುದು ಸುಮಾರು 1100ಕ್ಕಿಂತ ಹಿಂದಿನ, ‘ಬೇವುಲ್ಫ್’ ಕಾವ್ಯದ ಭಾಷೆಯನ್ನು. ಇಂದಿನ ಇಂಗ್ಲಿಷರಿಗೂ ಅದನ್ನು ಕಲಿಯದೆ ಓದಲಾಗದು. ಶೇಕ್ಸ್‌ಪಿಯರ್‌ನದು ಆಧುನಿಕ ಇಂಗ್ಲಿಷಿನ ಆರಂಭಿಕ ಹಂತ.

ಹಳೆಯ ಪುಸ್ತಕ ಓದುವವರು ಪರಿಚಿತ ಪದವೆಂದು ಮುಂದೆ ಸಾಗಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಅರ್ಥಗಳನ್ನು ಕಾಲಾನುಕ್ರಮದಲ್ಲಿ ಕೊಡುತ್ತದೆ. ಪುಸ್ತಕ ಬರೆದ ಕಾಲದ ಅರ್ಥ ಯಾವುದೆಂದು ಅಲ್ಲಿ ನೋಡಿಕೊಳ್ಳಿ.